ಸಂಗಮೇಶ ಮುಚ್ಚಲು ಮರೆತ ಬಾಗಿಲು

ಸಂಗಮೇಶನನ್ನು ಮೊದಲು ಕಂಡದ್ದು ಕುರುಗೋಡಿನ ನಮ್ಮ ಮನೆಯ ಪಡಸಾಲೆಯಲ್ಲಿ, ಕೊರೊನಾ ಬರುವುದಕ್ಕೆ ಒಂದು ವರ್ಷ ಮೊದಲಿನ ಬೇಸಿಗೆಯಲ್ಲಿ. ಮನೆಯ ಇಂಟರ್‌ನೆಟ್ ಸತ್ತು ಮೂರು ದಿನವಾಗಿತ್ತು. ಬಳ್ಳಾರಿಯಿಂದ ಉರಿಬಿಸಿಲಿನಲ್ಲಿ ಬೈಕ್ ಓಡಿಸಿಕೊಂಡು ಬಂದ ಮನುಷ್ಯ ಮುಖಕ್ಕೆ ಸುತ್ತಿದ್ದ ಟವೆಲ್ ಬಿಚ್ಚಿ, ಒಂದು ಚೊಂಬು ನೀರನ್ನು ಎತ್ತಿದ ಕೈ ಇಳಿಸದೆ ಕುಡಿದು, ಚಹಾ ಬೇಡವೆಂದು ಕೈಯಾಡಿಸಿ, ನೇರವಾಗಿ ಗೋಡೆಯ ಮೂಲೆಗೆ ಹೋಗಿ ಕುಳಿತ. ಮೂವತ್ತು ದಾಟಿದ ವಯಸ್ಸು. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು. ಇಂಟರ್‌ನೆಟ್ಟಿನ ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಅದಕ್ಕೆ ಕಿವಿ ಹಚ್ಚಿ ಕೇಳಿದ. ಏನಪ್ಪಾ ಅದು ಎಂದರೆ, ತನ್ನ ತಂದೆ ಬಳ್ಳಾರಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರೆಂದೂ, ಅವರು ಯಾವ ಗಡಿಯಾರವನ್ನಾಗಲಿ ಮೊದಲು ಕಿವಿಯಿಂದ ನೋಡುತ್ತಿದ್ದರೆಂದೂ ಹೇಳಿದ. ಅರ್ಧ ಗಂಟೆಯಲ್ಲಿ ಲೈನ್ ಸರಿಹೋಯಿತು.

ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಡು ಎಂದು ಕೇಳಿದಾಗ ಮಾತ್ರ ಅವನು ನಕ್ಕ. “ಎಲ್ಲಾ ನನ್ನ ತಲಿಯಾಗ ಐತ್ರಿ ಸರ್. ಈ ತಲಿ ಇರೂತನ ನೀವು ಚಿಂತಿ ಮಾಡಬ್ಯಾಡ್ರಿ.”

ಒಳ್ಳೆಯ ಕೆಲಸಗಾರ, ತನ್ನ ಕೆಲಸದ ಮೇಲೆ ತನಗೇ ಪ್ರೀತಿ ಉಳ್ಳವನು ಎಂದು ಅಂದು ಅನ್ನಿಸಿತು. ಆ ಪ್ರೀತಿಗೆ ಅಹಂಕಾರದ ಒಗ್ಗರಣೆಯೂ ಬಿದ್ದಿದೆ ಎಂಬುದು ತಿಳಿಯಲು ಕೆಲವು ವರ್ಷ ಬೇಕಾಯಿತು. ನಮಗಿಂತ ಮೊದಲು ಅವನಿಗೇ ತಿಳಿಯಿತು.

ಮರುವರ್ಷ, ಲಾಕ್‌ಡೌನಿಗೆ ಸ್ವಲ್ಪ ಮೊದಲು, ಸಿರುಗುಪ್ಪದ ಬತ್ತ ಬೆಳೆಗಾರರ ಸಂಘವೊಂದು ಅವನನ್ನು ಕರೆಯಿತು. ಕೊಯ್ಲಿನ ಕಾಲಕ್ಕೆ ಬತ್ತ ಕೊಯ್ಯುವ ಮಷಿನ್‌ಗಳನ್ನು ಪಾಳಿಯ ಪ್ರಕಾರ ಊರೂರಿಗೆ ಕಳಿಸುವುದು ಆ ಸಂಘದ ಕೆಲಸ. ರೈತರು ಫೋನ್ ಮಾಡಿ ಹೆಸರು ಹೇಳಬೇಕು, ಪಾಳಿ ಕೇಳಬೇಕು. ಅದಕ್ಕಾಗಿ ಸಂಗಮೇಶ ಒಂದು ಸಿಪ್ ಸರ್ವರ್ ಕೂಡಿಸಿಕೊಟ್ಟ. ಹಾಗೆಂದರೆ ದೊಡ್ಡದೇನಲ್ಲ, ಹಿಂದೆ ಒಂದು ಕೋಣೆ ತುಂಬ ಇರುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸವನ್ನು ಇಂಟರ್‌ನೆಟ್ ಮೇಲೆ ಮಾಡುವ ಒಂದು ಕಂಪ್ಯೂಟರ್. ಎಂಟು ಲೈನು. ಎಂಟು ಜನ ರೈತರು ಒಟ್ಟಿಗೆ ಮಾತನಾಡಬಹುದು, ಒಂಬತ್ತನೆಯವನು ಕಾಯಬೇಕು.

ಆ ಯಂತ್ರದ ಕೀಲಿ ಸಂಗಮೇಶನೊಬ್ಬನ ತಲೆಯಲ್ಲಿತ್ತು. ಸಂಘದ ಕಾರ್ಯದರ್ಶಿ ಕೊಟ್ಟೂರಪ್ಪನವರಿಗೂ ಗೊತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ರೈತರೊಡನೆ ಮಾತನಾಡುತ್ತಿದ್ದವಳು ಶಶಿರೇಖಾ, ಸಿರಿಗೇರಿಯ ಸೊಸೆ. ಪಿಯುಸಿ ಮುಗಿಸಿ ಸಿರುಗುಪ್ಪದಲ್ಲೇ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದಳು. ಗಂಡ ಹುಲುಗಪ್ಪ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವವನಲ್ಲ. ಅತ್ತೆ ಪಕ್ಕೀರಮ್ಮನ ಜೊತೆ ಮನೆ ನಡೆಸಿಕೊಂಡು, ಬೆಳಿಗ್ಗೆ ಬಸ್ಸು ಹಿಡಿದು ಬಂದು ಸಂಜೆ ಹೋಗುತ್ತಿದ್ದಳು. ಸಿಟ್ಟಿಗೆದ್ದ ರೈತನನ್ನು ತೆಲುಗಿನಲ್ಲೋ ಕನ್ನಡದಲ್ಲೋ ಎರಡು ಮಾತಿನಲ್ಲಿ ತಣ್ಣಗೆ ಮಾಡುವ ವಿದ್ಯೆ ಅವಳಿಗೆ ಗೊತ್ತಿತ್ತು. ಸಂಗಮೇಶನನ್ನು ಅಣ್ಣಾ ಎಂದು ಕರೆಯುತ್ತಿದ್ದಳು.

ಒಂದು ದಸರೆಯಲ್ಲಿ ಕೊಟ್ಟೂರಪ್ಪನವರು ಹೊಸ ಮಾತು ತೆಗೆದರು. ಆಯುಧಪೂಜೆಯ ದಿನ ಟ್ರಾಕ್ಟರ್ ನಿಲ್ಲುತ್ತದೆ, ತಕ್ಕಡಿಗೂ ಬಿಡುವು ಸಿಗುತ್ತದೆ, ಈ ಕಂಪ್ಯೂಟರ್ ಒಂದೇ ಯಾಕೆ ದುಡಿಯಬೇಕು? ಹಿಂದಿನ ವರ್ಷಗಳಲ್ಲಿ ಅದು ಓಡುತ್ತಿರುವಾಗಲೇ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದರು. ಈ ಸಲ ಆರಿಸಿ, ಒರೆಸಿ, ಪೂಜೆ ಮಾಡಿ, ಮರುದಿನ ಹಚ್ಚಬೇಕೆಂದಾಯಿತು. ಸಂಗಮೇಶ ಬಳ್ಳಾರಿಯಲ್ಲಿ ತನ್ನ ಸಾಮಾನುಗಳ ಪೂಜೆಯಲ್ಲಿದ್ದ. ಕ್ರಮವಾಗಿ ಆರಿಸದಿದ್ದರೆ ಯಂತ್ರ ಕೆಡುತ್ತದೆಂದು, ಶಶಿರೇಖಾಳಿಗೆ ಫೋನಿನಲ್ಲಿ ಪಾಸ್‌ವರ್ಡ್ ಹೇಳಿ, ಹೀಗೆ ಹೀಗೆ ಮಾಡವಾ ಎಂದು ತಿಳಿಸಿದ. ಅವಳು ಹಾಗೆಯೇ ಮಾಡಿದಳು. ಚೆಂಡುಹೂವಿನ ಸರ ಹಾಕಿ, ನಿಂಬೆಹಣ್ಣು ಇಟ್ಟು, ಮರುದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಗುಂಡಿ ಒತ್ತಿದಳು.

ತಿಂಗಳೊಪ್ಪತ್ತಿನಲ್ಲಿ ಕೊಯ್ಲು ಶುರುವಾಯಿತು, ದೂರುಗಳೂ ಶುರುವಾದವು. ಯಾವಾಗ ಫೋನ್ ಹಚ್ಚಿದರೂ ಲೈನ್ ಬ್ಯುಸಿ. ಗದ್ದೆಯಲ್ಲಿ ಬತ್ತ ಹಣ್ಣಾಗಿ ನೆಲಕ್ಕೆ ಒರಗುತ್ತಿದೆ, ಇತ್ತ ಶಶಿರೇಖಾಳ ಹೆಡ್‌ಫೋನಿನಲ್ಲಿ ಒಂದು ಕರೆಯೂ ಇಲ್ಲ. ರೈತರು ಟ್ರಾಕ್ಟರ್‌ಗಳಲ್ಲಿ ಕಚೇರಿಗೇ ಬಂದು ಕುಳಿತರು.

ಸಂಗಮೇಶ ಓಡಿಬಂದ. ಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಯನ್ನು ತೆಗೆದು ಮೇಲಿಂದ ಕೆಳಗೆ ನೋಡುತ್ತ ಬಂದ. ಇರಬೇಕಾದವೆಲ್ಲ ಇದ್ದವು, ಇರಬಾರದ ಒಂದೂ ಇತ್ತು. ಅದಕ್ಕೆ ಹೆಸರೆಂಬುದಿರಲಿಲ್ಲ, ಬರೀ ಎರಡು ಅಕ್ಷರ ಒಂದು ಅಂಕಿ. ಅದು ಹೊರಗಿನ ಲೋಕಕ್ಕೆ ಬೀಗವಿಲ್ಲದ ಒಂದು ಬಾಗಿಲು ತೆರೆದುಕೊಂಡು ಕುಳಿತಿತ್ತು. ಇಂಥ ಬಾಗಿಲುಗಳನ್ನು ತಡಕಾಡುವುದನ್ನೇ ಉದ್ಯೋಗ ಮಾಡಿಕೊಂಡವರು ಎಲ್ಲೆಲ್ಲೋ ಇದ್ದಾರೆ. ಅವರು ಒಳಗೆ ನುಗ್ಗಿ, ಸಂಘದ ಎಂಟೂ ಲೈನುಗಳ ಮೇಲೆ ತಮ್ಮ ಮಾತು ಸಾಗಿಸುತ್ತಿದ್ದರು. ಆ ಪ್ರೋಗ್ರಾಂ ಯಾವಾಗ ಶುರುವಾಯಿತೆಂದು ನೋಡಿದ. ಆಯುಧಪೂಜೆಯ ಮರುದಿನ, ಒಂಬತ್ತು ಗಂಟೆ ಹದಿನೈದು ನಿಮಿಷ.

ಅಷ್ಟು ಸಾಕಾಯಿತು ಅವನಿಗೆ.

ಕೊಟ್ಟೂರಪ್ಪನವರ ಕೋಣೆಯಲ್ಲಿ ಏಳೆಂಟು ಜನ ರೈತರು ಕುಳಿತಿದ್ದರು. ಅವರ ಮುಂದೆಯೇ ಸಂಗಮೇಶ ವಿಷಯ ಬಿಚ್ಚಿದ. ಈ ಯಂತ್ರದ ಮೇಲೆ ತನ್ನನ್ನು ಬಿಟ್ಟು ಇನ್ನೊಬ್ಬರ ಕೈ ಬಿದ್ದದ್ದು ಒಂದೇ ದಿನ. ಕಳ್ಳ ಪ್ರೋಗ್ರಾಂ ಹುಟ್ಟಿದ್ದೂ ಅದೇ ದಿನ, ಅದೇ ಹೊತ್ತು ಎಂದ. ಶಶಿರೇಖಾ ಬಾಗಿಲ ಬಳಿ ನಿಂತಿದ್ದಳು.

“ನಾ ಪೂಜಿ ಮಾಡಿ ಗುಂಡಿ ಒತ್ತೀನಿ ಅಣ್ಣಾ, ಅಷ್ಟ. ಬ್ಯಾರೆ ಏನೂ ಮುಟ್ಟಿಲ್ಲ.”

ಸಂಗಮೇಶ ರೈತರ ಕಡೆ ತಿರುಗಿ ನಕ್ಕ. “ಗುಂಡಿ ಒತ್ತಿದ್ರ ಪ್ರೋಗ್ರಾಂ ಹುಟ್ಟತಾವಂತ್ರೀ. ಕುಂಕುಮ ಹಚ್ಚಿದ್ರ ಮರಿನೂ ಹಾಕ್ತಾವೇನವಾ?”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಬತ್ತ ಒರಗಿದ ಸಿಟ್ಟಿಗೆ ಒಂದು ದಾರಿ ಸಿಕ್ಕಂತಾಗಿತ್ತು. ಅವಳು ಕಂಪ್ಯೂಟರ್ ಕಲಿತವಳೆಂಬುದು ಆವರೆಗೆ ಗುಣವಾಗಿತ್ತು. ಆ ಕ್ಷಣಕ್ಕೆ ಸಾಕ್ಷಿಯಾಯಿತು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದರು ಕೊಟ್ಟೂರಪ್ಪನವರು. ಸಂಗಮೇಶ ಆ ಪ್ರೋಗ್ರಾಮನ್ನು ನಿಲ್ಲಿಸಿದ, ಪಾಸ್‌ವರ್ಡ್ ಬದಲಿಸಿದ. ಆದರೆ ಅದನ್ನು ಅಳಿಸಿಹಾಕಲಿಲ್ಲ. ಮುಂದೆ ಪುರಾವೆ ಬೇಕಾದೀತು ಎಂದು ಇದ್ದಲ್ಲಿಯೇ ಬಿಟ್ಟ. ಲೈನುಗಳು ಖಾಲಿಯಾದವು, ಮಷಿನ್‌ಗಳು ಊರಿಂದೂರಿಗೆ ಹೊರಟವು. ಮುಂದಿನ ಸಭೆಯಲ್ಲಿ ಅವನಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು.

ವಿಚಾರಣೆ ಎಂಬುದು ನಡೆಯಲೇ ಇಲ್ಲ. ಮಾತು ಮಾತ್ರ ನಡೆಯಿತು. ಸಿರಿಗೇರಿಯ ಸೊಸೆ ಸಂಘದ ಫೋನನ್ನು ಹೊರದೇಶದವರಿಗೆ ಮಾರಿಕೊಂಡಳು ಎಂದು ಚಹಾದಂಗಡಿಯಲ್ಲಿ ಹೇಳಿದರು, ಬಸ್ಸಿನಲ್ಲಿ ಹೇಳಿದರು. ಸಂಗಮೇಶನೂ ಹೇಳಿದ. ಎಲ್ಲಿ ಲೈನ್ ಸರಿಮಾಡಲು ಹೋದರೂ ತಾನು ಕಳ್ಳಿಯನ್ನು ಹಿಡಿದ ಕಥೆ ಅವನ ಬಾಯಿಗೆ ಬಂದುಬಿಡುತ್ತಿತ್ತು. ಕುರುಗೋಡಿನ ನಮ್ಮ ಮನೆಯಲ್ಲೂ ಒಮ್ಮೆ ಬಂತು. ಕೇಳಿದವರು ಹೌದೇ ಎಂದು ಬೆರಗಾದೆವು. ಅದೂ ಒಂದು ತಪ್ಪೇ.

ಫೆಬ್ರವರಿಯ ಒಂದು ಮಧ್ಯಾಹ್ನ ಸಿರುಗುಪ್ಪದಲ್ಲಿ ಕರೆಂಟ್ ಹೋಯಿತು. ಯಂತ್ರವನ್ನು ಕಾಯುತ್ತಿದ್ದ ಬ್ಯಾಟರಿ ಹಳೆಯದಾಗಿತ್ತು, ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಯಂತ್ರ ತಾನಾಗಿಯೇ ಎದ್ದಿತು. ಹೊಸ ಬ್ಯಾಟರಿ ಹಾಕಲು ಬಂದಿದ್ದ ಸಂಗಮೇಶ ರೂಢಿಯಂತೆ ಪಟ್ಟಿಯನ್ನು ತೆರೆದು ನೋಡಿದ. ಆ ಎರಡು ಅಕ್ಷರ ಒಂದು ಅಂಕಿಯ ಪ್ರೋಗ್ರಾಂ ಮತ್ತೆ ಬಂದು ಕುಳಿತಿತ್ತು.

ಶಶಿರೇಖಾ ಆ ಕಚೇರಿಯ ಹೊಸ್ತಿಲು ತುಳಿದು ಮೂರು ತಿಂಗಳಾಗಿತ್ತು. ಪಾಸ್‌ವರ್ಡೂ ಬದಲಾಗಿತ್ತು.

ಅದು ಶುರುವಾದ ಹೊತ್ತನ್ನು ಅವನು ನೋಡಿದ: ಕರೆಂಟ್ ಬಂದ ಹೊತ್ತು. ಅದರ ಮೇಲಿನ ಸಾಲು ನೋಡಿದ, ಕೆಳಗಿನ ಸಾಲು ನೋಡಿದ. ಪಟ್ಟಿಯಲ್ಲಿದ್ದ ಎಲ್ಲ ಪ್ರೋಗ್ರಾಂಗಳಿಗೂ ಅದೇ ಹೊತ್ತು. ಯಂತ್ರ ಆರಿ ಹೊತ್ತಿಕೊಂಡರೆ ಎಲ್ಲವೂ ಹೊಸದಾಗಿ ಶುರುವಾಗುತ್ತವೆ, ಎಲ್ಲಕ್ಕೂ ಒಂದೇ ಗಳಿಗೆ ಬೀಳುತ್ತದೆ. ಅಂದೂ ಹಾಗೆಯೇ ಇದ್ದಿರಬೇಕು. ಕಲಿಯಲು ಬಂದವನೊಬ್ಬ ಮೊದಲ ವಾರದಲ್ಲಿ ತಿಳಿಯುವ ಸಂಗತಿ. ಒಂದು ಸಾಲನ್ನು ನೋಡಿದವನು ಪಕ್ಕದ ಸಾಲನ್ನು ನೋಡಿರಲಿಲ್ಲ. ಗುಂಡಿ ಒತ್ತಿದ್ದರಿಂದಲೇ ಅದು ಎದ್ದಿತ್ತು. ಆ ಹೆಣ್ಣುಮಗಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮೊದಲೇ ನೋಡಬೇಕಾಗಿದ್ದನ್ನು ಅವನು ಈಗ ನೋಡಿದ. ಆ ಪ್ರೋಗ್ರಾಮನ್ನು ಬರೆದ ದಿನ ಯಾವುದು? ಕೊರೊನಾ ವರ್ಷದ ಏಪ್ರಿಲ್. ಬರೆದವರು ಯಾರು? ಅವನದೇ ಹೆಸರು. ಒಳಗೆ ಬಿಚ್ಚಿ ನೋಡಿದರೆ ಮೂರನೆಯ ಸಾಲಿನಲ್ಲಿ ಎರಡು ಪದ: ಎರ್ರಮ್ಮ, ಹಲಕುಂದಿ.

ಎರ್ರಮ್ಮ ಅವನ ತಾಯಿ. ಲಾಕ್‌ಡೌನ್ ಆದಾಗ ಆಕೆ ಹಲಕುಂದಿಯಲ್ಲಿ ಮಗಳು ಅಂಜನಾಳ ಮನೆಯಲ್ಲಿ ಸಿಕ್ಕಿಕೊಂಡರು. ಕಿವಿ ಮಂದ, ಕಣ್ಣೂ ಅಷ್ಟಕ್ಕಷ್ಟೆ. ಮೊಬೈಲ್ ಎತ್ತಲು ಬರುತ್ತಿರಲಿಲ್ಲ. ಸಂಗಮೇಶ ಸಂಘದಲ್ಲಿ ಉಳಿದಿದ್ದ ಒಂದು ಫೋನನ್ನು ಅಕ್ಕನ ಮನೆಗೆ ಮುಟ್ಟಿಸಿ, ತಾಯಿಯ ಮಂಚದ ತಲೆದೆಸೆಗೆ ಇರಿಸಿದ. ದಿನವೂ ಬೆಳಿಗ್ಗೆ ಆರಕ್ಕೆ ಸಿರುಗುಪ್ಪದ ಯಂತ್ರ ಆ ಫೋನಿಗೆ ಕರೆ ಮಾಡುತ್ತಿತ್ತು. ಫೋನ್ ತಾನಾಗಿಯೇ ಎತ್ತಿಕೊಂಡು, ಮಗನ ದನಿಯನ್ನು ಮನೆಯೆಲ್ಲ ಕೇಳುವಂತೆ ಮೊಳಗಿಸುತ್ತಿತ್ತು. ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಿದ ಪ್ರೋಗ್ರಾಂ, ಕೈಗೆ ಬಂದ ಎರಡು ಅಕ್ಷರ ಒಂದು ಅಂಕಿಯನ್ನೇ ಹೆಸರೆಂದು ಇಟ್ಟದ್ದು ಅವನಿಗೇ ಮರೆತಿತ್ತು. ಅಕ್ಕನ ಮನೆಯ ಫೋನು ಹೊರಗಿನಿಂದ ಯಂತ್ರಕ್ಕೆ ಸೇರಿಕೊಳ್ಳಲೆಂದು ಒಂದು ಬಾಗಿಲು ಬೇಕಿತ್ತು, ಅವಸರದಲ್ಲಿ ಅದಕ್ಕೆ ಬೀಗ ಇಟ್ಟಿರಲಿಲ್ಲ. ಆಮೇಲೆ ಇಟ್ಟರಾಯಿತು ಎಂದುಕೊಂಡಿದ್ದ. ಕರೆಂಟ್ ಹೋಗಿ ಬಂದರೂ ತಾಯಿಯ ಕರೆ ತಪ್ಪಬಾರದೆಂದು, ಯಂತ್ರ ಎದ್ದೊಡನೆ ಏಳಬೇಕಾದವುಗಳ ಸಾಲಿಗೆ ಅದನ್ನೂ ಸೇರಿಸಿದ್ದ. ಮರುವರ್ಷ ತಾಯಿ ತೀರಿಕೊಂಡರು. ಅಂದು ಪ್ರೋಗ್ರಾಮನ್ನು ನಿಲ್ಲಿಸಿದ, ಮತ್ತೆ ಅದರ ಕಡೆ ನೋಡಲಿಲ್ಲ. ನೋಡಲು ಮನಸ್ಸಾಗಲಿಲ್ಲ ಎಂಬುದೇ ಸರಿ. ಏಳಬೇಕಾದವುಗಳ ಸಾಲಿನಿಂದ ಅದರ ಹೆಸರನ್ನು ತೆಗೆಯುವುದು ಹಾಗೆಯೇ ಉಳಿದುಹೋಯಿತು. ಯಂತ್ರ ಎರಡೂವರೆ ವರ್ಷ ಆರದೆ ಓಡಿತು. ಆಯುಧಪೂಜೆಯ ಮರುದಿನ ಅದು ಎದ್ದಾಗ ಇದೂ ಎದ್ದಿತು.

ಸಂಗಮೇಶ ಅದನ್ನು ಬೇರುಸಹಿತ ಅಳಿಸಿದ. ಬ್ಯಾಟರಿ ಹಾಕಿದ. ಕೊಟ್ಟೂರಪ್ಪನವರು ಎಲ್ಲ ಸರಿಯಾಯಿತೇ ಎಂದು ಕೇಳಿದರು. ಸರಿಯಾಯಿತು ಎಂದು ಹೇಳಿ ಬಳ್ಳಾರಿಯ ದಾರಿ ಹಿಡಿದ.

ಅವನ ನಾಚಿಕೆಗೆಲ್ಲ ಬುಡವಾದದ್ದು ಇದೇ. ಹುಡುಕುವಾಗ ಎಡವಿದ್ದು ಒಂದು ತಪ್ಪು, ನಕ್ಕದ್ದು ಅದಕ್ಕಿಂತ ದೊಡ್ಡದು. ಆದರೆ ತಿಳಿದ ಮೇಲೆ ಹತ್ತೊಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದ. ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಉಳಿದಿಲ್ಲ. ಕೆಲಸಕ್ಕೆ ಹೋಗುತ್ತಿದ್ದ, ಊಟ ಮಾಡುತ್ತಿದ್ದ. ಆದರೆ ಎಲ್ಲಾದರೂ ಆ ಕಥೆ ಹೇಳು ಎಂದು ಯಾರಾದರೂ ಕೇಳಿದರೆ ಸಾಮಾನು ಕಟ್ಟಿಕೊಂಡು ಎದ್ದುಬಿಡುತ್ತಿದ್ದ.

ಇಪ್ಪತ್ತನೆಯ ದಿನ ಕುರುಗೋಡಿಗೆ ಬಂದ. ನಮ್ಮ ಲೈನಿಗೆ ಏನೂ ಆಗಿರಲಿಲ್ಲ. ಕುರ್ಚಿಯ ಮೇಲೆ ಕೂರದೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ನಾವು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಆ ಹುಡುಗಿಗೆ ಇದು ಗೊತ್ತೇನಪ್ಪಾ? ಇಲ್ಲ, ನಾಳೆ ಸಂಘಕ್ಕೆ ಹೋಗಿ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದ. ತಾಯಿಯ ವಿಷಯ ಹೇಳಿಕೊಂಡರೆ ಜನ ಅಯ್ಯೋ ಎಂದಾರು, ಆದರೆ ಸತ್ತ ತಾಯಿಯ ಸೆರಗಿನ ಹಿಂದೆ ಅವಿತುಕೊಂಡಂತೆ ಆಗುತ್ತದೆ, ಅದನ್ನು ಮಾತ್ರ ಹೇಳುವುದಿಲ್ಲ ಎಂದ. ಇಲ್ಲಿ ಬರೆಯಲು ಅವನು ಒಪ್ಪುವುದಕ್ಕೂ ಬಹಳ ದಿನ ಹಿಡಿಯಿತು.

ಮರುದಿನ ಕೊಟ್ಟೂರಪ್ಪನವರ ಮುಂದೆ, ತನ್ನ ಸ್ವಂತಕ್ಕೆ ಒಂದು ಬಾಗಿಲು ಮಾಡಿಕೊಂಡಿದ್ದೆ, ಮುಚ್ಚಲು ಮರೆತೆ ಎಂದಷ್ಟೇ ಹೇಳಿದ. ಅವರು ಕನ್ನಡಕ ಒರೆಸುತ್ತ, ಆ ಮಗಳಿಗೆ ನಾವು ಏನು ಹೇಳೋಣ ಎಂದು ಕೇಳಿದರು. ನಾನೇ ಹೋಗುತ್ತೇನೆ ಎಂದ.

ಸಿರಿಗೇರಿಯಲ್ಲಿ ಪಕ್ಕೀರಮ್ಮ ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದರು. ಯಾರಪ್ಪಾ ಎಂದು ಕೇಳಿ, ಸಂಘದಲ್ಲಿ ಫೋನಿನ ಕೆಲಸ ಮಾಡುವವನು ಎಂದು ತಿಳಿದೊಡನೆ ಮೊರ ಕೆಳಗಿಟ್ಟರು.

“ನಮ್ಮ ಸೊಸಿನ ಹಿಡದಾಂವ ನೀನ ಏನು?”

“ನಾನ ರೀ ಅಮ್ಮಾ.” ನಿಂತುಕೊಂಡೇ ಹೇಳಿದ. ಯಂತ್ರದ ಮಾತುಗಳೊಂದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. “ಅದರಾಗ ನಾನ ಒಂದು ಬಾಗಿಲು ಇಟ್ಟಿದ್ದೆ, ಮುಚ್ಚೂದು ಮರತೆ. ಯಾರೋ ನುಗ್ಗಿದ್ರು. ನಿಮ್ಮ ಸೊಸಿ ಮಾಡ್ಯಾಳ ಅಂದೆ. ಆಕಿ ಮಾಡಿಲ್ಲ.”

“ಹಂಗಾರ ಆಕಿ ಏನು ಮಾಡಿದ್ಲು?”

“ಪೂಜಿ ಮಾಡಿದ್ಲು ರೀ. ಅಷ್ಟ.”

ಪಕ್ಕೀರಮ್ಮ ಜೋಳದ ಕಡೆ ನೋಡುತ್ತ ಮಾತನಾಡಿದರು. ಮೂರೂವರೆ ತಿಂಗಳಿಂದ ಸೊಸೆ ಊರವರೆಲ್ಲ ನೀರು ಹಿಡಿದುಕೊಂಡು ಹೋದ ಮೇಲೆ ನಳಕ್ಕೆ ಹೋಗುತ್ತಾಳೆ, ಕೊನೆಯ ಎರಡು ಕೊಡ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಗಂಡ ಲಾರಿಯಿಂದ ಬಂದಾಗ ಎರಡು ದಿನ ಮಾತು ಬಿಟ್ಟಿದ್ದ. ತಾವೂ ಒಮ್ಮೆ ಅನ್ನಕ್ಕೆ ಕುಳಿತಾಗ, ಖರೇನಾ ಎಂದು ಅವಳನ್ನು ಕೇಳಿಬಿಟ್ಟಿದ್ದರು. ಅಂದಿನಿಂದ ಅವಳು ಅತ್ತೆಯ ಜೊತೆ ಉಣ್ಣುವುದಿಲ್ಲ.

ಶಶಿರೇಖಾ ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದಳು. ಬಾಗಿಲಿಗೆ ಬಂದು, ಅಳದೆ, ದನಿ ಎತ್ತದೆ ಒಂದು ಪ್ರಶ್ನೆ ಹಾಕಿದಳು.

“ಉಳಿದ ಪ್ರೋಗ್ರಾಂಗಳದ್ದೂ ಅದ ಟೈಮ್ ಇತ್ತಲ್ರಿ ಸರ್?”

ಅಣ್ಣಾ ಎನ್ನಲಿಲ್ಲ. ಆರು ತಿಂಗಳು ಕಲಿತವಳಿಗೆ ನಿಂತಲ್ಲೇ ಹೊಳೆದದ್ದು ಹದಿನೈದು ವರ್ಷದ ಕೆಲಸಗಾರನಿಗೆ ಹೊಳೆದಿರಲಿಲ್ಲ.

“ಇತ್ತವಾ.”

“ನೋಡ್ಲಿಲ್ಲೇನ್ರಿ?”

“ನೋಡ್ಲಿಲ್ಲ.”

“ಕಳ್ಳಿ ಅಂದಿದ್ದು ಹೋಗ್ಲಿ ರೀ,” ಎಂದಳು ಅವಳು. “ನೀವು ಅವರ ಕಡೆ ತಿರುಗಿ ನಕ್ರಿ. ಅದು ಮರಿಯಾಕ ಆಗವಲ್ದು.”

ಸಂಗಮೇಶ ಕೈ ಮುಗಿದ. ಅವಳು ಒಳಗೆ ಹೋದಳು. ಪಕ್ಕೀರಮ್ಮ ಮೊರವನ್ನು ಮತ್ತೆ ಕೈಗೆತ್ತಿಕೊಂಡು, “ನಮ್ಮ ಮನ್ಯಾಗ ಹೇಳಿದ್ರ ಏನಾತು? ನಾಳೆ ಮುಂಜಾಲಿ ನೀರು ಬಿಡೂ ಹೊತ್ತಿಗೆ ಬಾ. ನಳದ ಮುಂದ ನಿಂತು ಹೇಳು” ಎಂದರು.

ಅವನು ಬಳ್ಳಾರಿಗೆ ಹಿಂದಿರುಗದೆ ಸಿರುಗುಪ್ಪದಲ್ಲಿಯೇ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಸಿರಿಗೇರಿಗೆ ಬಂದ. ಮೂವತ್ತು ನಲವತ್ತು ಕೊಡಗಳು ಸಾಲಾಗಿ ಕುಳಿತಿದ್ದವು. ಹೇಳಲು ಶುರುಮಾಡಿದಾಗ ಯಾರಿಗೂ ಕೇಳಿಸಲಿಲ್ಲ. ಜೋರಾಗಿ ಹೇಳಪ್ಪಾ ಎಂದು ಒಬ್ಬಾಕೆ ಗದರಿದಳು. ಎರಡನೆಯ ಸಲ ಜೋರಾಗಿ ಹೇಳಿದ. ನಳದ ಕೆಳಗಿನ ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ಅದನ್ನು ಸರಿಸಲಿಲ್ಲ.

“ಶಾಲು ಹೊಚ್ಚಿಸಿಕೊಂಡಾಂವ ಇವನ ಏನ?” ಎಂದಳು ಒಬ್ಬ ಮುದುಕಿ.

“ಆ ಶಾಲು ಏನು ಮಾಡಿದಿಯಪ್ಪಾ, ಹೊಚ್ಚಿಕೊಂಡು ಮಲಗತೀಯೇನು?” ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಅವನು ಆ ನಗುವಿನ ನಡುವೆ ತಲೆ ಬಗ್ಗಿಸಿ ನಿಂತಿದ್ದ. ನಗು ನಿಲ್ಲುವವರೆಗೆ ಹೊರಡಲಿಲ್ಲ. ಹೆಂಗಸರು ಸಾಲಿನ ಮೊದಲ ಜಾಗವನ್ನು ಬಿಟ್ಟು ಶಶಿರೇಖಾಳನ್ನು ಕರೆಯಲು ಒಬ್ಬ ಹುಡುಗಿಯನ್ನು ಓಡಿಸಿದರು. ಅವಳು ಬಂದಳೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಅಷ್ಟರಲ್ಲಿ ಬಸ್ಸು ಬಂದಿತ್ತು.

ಸಂಘ ಶಶಿರೇಖಾಳನ್ನು ಎರಡು ಸಲ ಕರೆಯಿತು. ಎರಡನೆಯ ಸಲ ಬಂದಳು. ಹೊಸದಾಗಿ ಸೇರಿದವಳಿಗೆ ಒಂದು ವಾರ ಕೆಲಸ ಕಲಿಸಿ ಹೋದಳು. ಈಗ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಕಚೇರಿಯಲ್ಲಿದ್ದಾಳೆ. ಅತ್ತೆಯ ಜೊತೆ ಉಣ್ಣಲು ಕೂರುತ್ತಾಳೆ ಎಂದು ಕೇಳಿದ್ದೇವೆ. ದಾರಿಯಲ್ಲಿ ಎದುರಾದರೆ ಸಂಗಮೇಶನಿಗೆ ತಲೆಯಾಡಿಸುತ್ತಾಳೆ, ಮಾತನಾಡುವುದಿಲ್ಲ.

ಸಂಘ ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಈಗ ಅವನು ಯಂತ್ರದ ಮುಂದೆ ಕುಳಿತರೆ ಪಕ್ಕದಲ್ಲಿ ಇನ್ನೊಬ್ಬರು ಕುರ್ಚಿ ಹಾಕಿಕೊಂಡು ನೋಡುತ್ತಿರಬೇಕು. ಆ ನಿಯಮವನ್ನು ಅವನೇ ಕೇಳಿ ಮಾಡಿಸಿಕೊಂಡ. ಉಳಿದ ದಿನ ಊರೂರು ಸುತ್ತಿ ಲೈನ್ ಸರಿಮಾಡುತ್ತಾನೆ. ಅಂದು ತಾನೇ ಹಬ್ಬಿಸಿದ ಮಾತು ಈಗಲೂ ತಿರುಗುತ್ತಿದೆ. ಸುಳ್ಳು ಹೋದ ಊರುಗಳಿಗೆಲ್ಲ ನಿಜ ಇನ್ನೂ ತಲುಪಿಲ್ಲ. ಅವನು ಹೋದಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.

ಹೋದ ವಾರ ಕೊಳಗಲ್ಲಿನಲ್ಲಿ ಕೆಂಚಣ್ಣನೆಂಬ ರೈತನ ಮನೆಯಲ್ಲಿ ಲೈನ್ ಕೆಟ್ಟಿತ್ತು. ತಂತಿಯ ತುದಿ ಸುಲಿಯುತ್ತಿರುವಾಗ ಕೆಂಚಣ್ಣ ಎಲೆಯಡಿಕೆ ಮೆಲ್ಲುತ್ತ, ಸಂಘದ ಫೋನ್ ಮಾರಿಕೊಂಡಳಲ್ಲ, ಆ ಹೆಣ್ಣುಮಗಳನ್ನು ನೀನೇ ಹಿಡಿದೆಯಂತೆ, ಅದೇನು ಸ್ವಲ್ಪ ಹೇಳು ಎಂದನಂತೆ. ಸಂಗಮೇಶ ತಂತಿಯನ್ನು ಕೆಳಗಿಟ್ಟು, ಮನೆಯ ಹೆಂಗಸರನ್ನೂ ಒಂದಿಷ್ಟು ಹೊರಗೆ ಕರೆಯಿರಿ ಎಂದು ಹೇಳಿ, ಅವರು ಬರುವವರೆಗೆ ಕಾದು ಕುಳಿತ.